ಬಿ1 ಇಂಗ್ಲಿಷ್ ಪರೀಕ್ಷೆ: ಫೀಸ್ ಕಟ್ಟೋ ಮೊದಲು ಏನು ನೋಡಬೇಕು, ಕಟ್ಟಿದ ಮೇಲೆ ಹೇಗೆ ಓದಬೇಕು?

ಹೊಸಕೆರೆಹಳ್ಳಿ: ಮಗಳಿಗೆ ಲಂಡನ್ ಹುಡುಗನ ಜೊತೆ ಮದುವೆ ನಿಶ್ಚಯವಾಗಿದೆ, ಮಗನಿಗೆ ಕೆನಡಾದಲ್ಲಿ ವೆಲ್ಡಿಂಗ್ ಕೆಲಸ ಸಿಗಬಹುದು ಅಂತ ಯಾರೋ ಹೇಳಿದ್ದಾರೆ, ಅಂಗಡಿ ಕೆಲಸ ಬಿಟ್ಟು ಹೊರಗೆ ಹೋಗೋಣ ಅಂತ ಇನ್ನೊಬ್ಬರು ಯೋಚನೆ ಮಾಡ್ತಿದ್ದಾರೆ. ಇಂಥ ಮನೆಗಳಲ್ಲಿ ಈಗ ಮೊದಲು ಬರೋ ಮಾತು, "ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಂತೆ" ಅನ್ನೋದು. ಯಾವ ಪರೀಕ್ಷೆ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಐಇಎಲ್‌ಟಿಎಸ್. ದುಡ್ಡು ಕೈಬಿಡೋದು ಅಲ್ಲಿಂದಲೇ ಶುರು. ಐಇಎಲ್‌ಟಿಎಸ್ ಒಳಗೇ ನಾಲ್ಕಾರು ಬಗೆ ಇದೆ. ಅದರ ಹೊರಗೂ ಬೇರೆ ಪರೀಕ್ಷೆಗಳಿವೆ. ಒಂದು ಸಲದ ಫೀಸ್ 15,000 ರೂಪಾಯಿ ದಾಟುತ್ತೆ. ತಪ್ಪು ಪರೀಕ್ಷೆ ಬರೆದು ಒಳ್ಳೆ ಅಂಕ ತಂದರೂ ವೀಸಾ ಅಧಿಕಾರಿ ಅದನ್ನು ಲೆಕ್ಕಕ್ಕೇ ತಗೊಳಲ್ಲ.

ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಇಟ್ಟಮಡು, ಗಿರಿನಗರ ಸುತ್ತಮುತ್ತ ಕೋಚಿಂಗ್‌ಗೆ ಕೊರತೆ ಇಲ್ಲ. ಕೊರತೆ ಇರೋದು ಸರಿಯಾದ ಮಾಹಿತಿಗೆ. ಮಧ್ಯಮ ಮಟ್ಟದ ಇಂಗ್ಲಿಷ್ ಪರೀಕ್ಷೆ, ಅಂದರೆ ಬಿ1 ಅಂತ ಕರೆಯೋ ಮಟ್ಟದ ಪರೀಕ್ಷೆ ಬರೆಯೋರಿಗೆ ಬೇಕಾದ ವಿವರ ಇಲ್ಲಿದೆ.

ಬಿ1 ಅಂದರೆ ಎಷ್ಟು ಇಂಗ್ಲಿಷ್?

ಭಾಷೆ ಎಷ್ಟು ಬರುತ್ತೆ ಅಂತ ಅಳೆಯೋಕೆ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಆರು ಮೆಟ್ಟಿಲಿನ ಒಂದು ಅಳತೆ ಪ್ರಕಟಿಸಿತು: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ತೀರಾ ಕೆಳಗಿನದು, ಸಿ2 ತೀರಾ ಮೇಲಿನದು. ಬಿ1 ಮೂರನೇ ಮೆಟ್ಟಿಲು. ಇದನ್ನು ಹೊಸ್ತಿಲಿನ ಮಟ್ಟ ಅಂತಲೂ ಹೇಳ್ತಾರೆ. ಹೊಸ್ತಿಲು ದಾಟಿ ಮನೆಯೊಳಗೆ ಬಂದರೆ ಮಿಕ್ಕಿದ್ದನ್ನು ಹೇಗೋ ನಿಭಾಯಿಸಬಹುದು ಅನ್ನೋ ಅರ್ಥ.

ಅಂಗಡಿ ಲೆಕ್ಕದಲ್ಲಿ ಹೇಳೋದಾದರೆ ಹೀಗೆ. "ಹಂಡ್ರೆಡ್ ರುಪೀಸ್, ನೋ ಡಿಸ್ಕೌಂಟ್" ಅನ್ನೋದು ಎ1. ಯಾವ ಸೈಜ್ ಬೇಕು, ಯಾವ ಬಣ್ಣ, ನಾಳೆ ಬರುತ್ತೆ ಅಂತ ಹೇಳೋಕೆ ಬಂದರೆ ಎ2. ಹೋದ ವಾರ ಕೊಂಡ ಮಿಕ್ಸಿ ಕೆಟ್ಟಿದೆ ಅಂತ ಗಿರಾಕಿ ಸಿಟ್ಟಲ್ಲಿ ಬಂದಾಗ ಅವರ ದೂರು ಕೇಳಿ, ಏನಾಗಿರಬಹುದು ಅಂತ ಹೇಳಿ, ಕಂಪನಿ ಸರ್ವೀಸ್ ಯಾಕೆ ತಡವಾಗುತ್ತೆ ಅಂತ ಕಾರಣ ಕೊಟ್ಟು, ಅಲ್ಲಿವರೆಗೆ ಏನು ಮಾಡಬಹುದು ಅಂತ ಸೂಚಿಸಿದರೆ ಅದು ಬಿ1. ತಪ್ಪುಗಳು ಇದ್ದೇ ಇರುತ್ತೆ. ಮಾತು ದಾಟಬೇಕು, ಒಂದು ವಾಕ್ಯ ಇನ್ನೊಂದಕ್ಕೆ ಜೋಡಣೆಯಾಗಬೇಕು, ಅಷ್ಟೆ.

ಹೀಗಾಗಿ ರಿಂಗ್ ರಸ್ತೆಯ ಅಂಗಡಿಗಳಲ್ಲಿ ದಿನವಿಡೀ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಬೆರೆಸಿ ವ್ಯಾಪಾರ ಮಾಡೋರಿಗೆ ಬಿ1 ಮಾತಿನ ಭಾಗ ಅಂದುಕೊಂಡಷ್ಟು ದೂರ ಇಲ್ಲ. ಡಿಗ್ರಿ ಓದಿ, ನೋಟ್ಸ್ ಬಾಯಿಪಾಠ ಮಾಡಿ, ಬಾಯಿಬಿಟ್ಟು ನಾಲ್ಕು ವಾಕ್ಯ ಆಡದೇ ಇರೋರಿಗೆ ಅದೇ ಭಾಗ ಕಷ್ಟ. ಬರವಣಿಗೆಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು.

ಯಾರಿಗೆ ಯಾವ ಪರೀಕ್ಷೆ?

ಇಲ್ಲೇ ಬೆಂಗಳೂರಲ್ಲಿ ಕೆಲಸ ಮಾಡೋರನ್ನು ಸಾಮಾನ್ಯವಾಗಿ ಈ ಸರ್ಟಿಫಿಕೇಟ್ ಯಾರೂ ಕೇಳಲ್ಲ. ಇಂಗ್ಲಿಷ್ ಕಲಿಯೋದೊಂದೇ ಉದ್ದೇಶ ಆಗಿದ್ದರೆ ಪರೀಕ್ಷೆಗೆ ದುಡ್ಡು ಸುರಿಯೋ ಅಗತ್ಯ ಇಲ್ಲ. ಆದರೂ ಒಂದು ಗುರಿ ಇರಲಿ, ಮಕ್ಕಳಿಗೆ ಸರ್ಟಿಫಿಕೇಟ್ ಇರಲಿ ಅನ್ನೋರಿಗೆ ಕೇಂಬ್ರಿಡ್ಜ್‌ನವರ ಬಿ1 ಪ್ರಿಲಿಮಿನರಿ ಒಳ್ಳೆಯದು. ಮೊದಲು ಇದನ್ನು ಪೆಟ್ ಅಂತ ಕರೀತಿದ್ದರು, ಹಳಬರು ಈಗಲೂ ಹಾಗೇ ಅಂತಾರೆ. ಸರ್ಟಿಫಿಕೇಟ್ ಮೇಲೆ ಅವಧಿ ಮುಗಿಯೋ ತಾರೀಖು ಇರಲ್ಲ. ಆದರೆ ಬ್ರಿಟನ್ ವೀಸಾಗೆ ಇದು ನಡೆಯಲ್ಲ ಅನ್ನೋದು ಗೊತ್ತಿರಲಿ.

ಬ್ರಿಟನ್ ವೀಸಾಗೆ ಬೇಕಿರೋದು ಅಲ್ಲಿನ ಗೃಹ ಇಲಾಖೆ ಒಪ್ಪಿದ, ಸೆಲ್ಟ್ ಅಂತ ಕರೆಯೋ ಪಟ್ಟಿಯಲ್ಲಿರೋ ಪರೀಕ್ಷೆ. ಐಇಎಲ್‌ಟಿಎಸ್ ಬರೆಯೋದಾದರೆ ಅದರಲ್ಲಿ ಐಇಎಲ್‌ಟಿಎಸ್ ಫಾರ್ ಯುಕೆವಿಐ ಅಥವಾ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಆಗಿರಬೇಕು. ಮಾಮೂಲಿ ಐಇಎಲ್‌ಟಿಎಸ್ ಮತ್ತು ಯುಕೆವಿಐ ಎರಡರ ಪ್ರಶ್ನೆಪತ್ರಿಕೆ ನೋಡೋಕೆ ಒಂದೇ ಥರ, ಅಂಕ ಕೊಡೋ ರೀತಿನೂ ಒಂದೇ. ಆದರೆ ಸೆಲ್ಟ್ ಕೇಳುವ ಅರ್ಜಿಯಲ್ಲಿ ಮಾಮೂಲಿದು ನಡೆಯಲ್ಲ. ಬುಕಿಂಗ್ ಪುಟದಲ್ಲಿ ಒಂದು ಗುಂಡಿ ತಪ್ಪಿ ಒತ್ತಿದರೆ ಫೀಸ್ ಪೂರ್ತಿ ಹೋದಂತೆ. ಪಿಯರ್ಸನ್, ಲ್ಯಾಂಗ್ವೇಜ್‌ಸರ್ಟ್ ಮೊದಲಾದ ಸಂಸ್ಥೆಗಳ ಪರೀಕ್ಷೆಗಳೂ ಆ ಪಟ್ಟಿಯಲ್ಲಿವೆ.

ಮದುವೆಯಾಗಿ ಹೋಗೋರ ವಿಷಯ ಸ್ವಲ್ಪ ಬಿಡಿಸಿ ನೋಡಬೇಕು. ಗಂಡ ಅಥವಾ ಹೆಂಡತಿ ಬ್ರಿಟಿಷ್ ಪ್ರಜೆ ಅಥವಾ ಅಲ್ಲೇ ಶಾಶ್ವತವಾಗಿ ನೆಲೆಸಿದವರಾಗಿದ್ದರೆ ಮೊದಲ ವೀಸಾಗೆ ಎ1, ಎರಡೂವರೆ ವರ್ಷದ ನಂತರ ವೀಸಾ ಮುಂದುವರಿಸೋಕೆ ಎ2, ಆಮೇಲೆ ಶಾಶ್ವತ ವಾಸಕ್ಕೆ ಬಿ1. ಮೂರಕ್ಕೂ ಲೈಫ್ ಸ್ಕಿಲ್ಸ್ ಇದೆ. ಇದರಲ್ಲಿ ಓದೋದು, ಬರೆಯೋದು ಇಲ್ಲ. ಮಾತು, ಕೇಳೋದು ಎರಡೇ. ಬಿ1 ಲೈಫ್ ಸ್ಕಿಲ್ಸ್ ಸುಮಾರು 22 ನಿಮಿಷ, ಪರೀಕ್ಷಕರ ಮುಂದೆ ಇನ್ನೊಬ್ಬ ಅಭ್ಯರ್ಥಿ ಜೊತೆ ಕೂತು ಮಾತಾಡಬೇಕು. ಫಲಿತಾಂಶ ಪಾಸ್ ಅಥವಾ ಫೇಲ್, ಬ್ಯಾಂಡ್ ಇರಲ್ಲ. ಹೀಗಿರುವಾಗ ಮದುಮಗಳನ್ನು ಪ್ರಬಂಧ, ಗ್ರಾಫ್ ಅಂತ ಪೂರ್ತಿ ಐಇಎಲ್‌ಟಿಎಸ್ ಕೋರ್ಸ್‌ಗೆ ಸೇರಿಸೋದು ದಂಡ.

ಇನ್ನೊಂದು ವಿಷಯ ಏಜೆಂಟರು ಹೇಳೋದು ಕಡಿಮೆ. ಒಂದು ಮಟ್ಟವನ್ನು ತೋರಿಸಿ ವೀಸಾ ಸಿಕ್ಕಿದ್ದರೆ ಮುಂದಿನ ಅರ್ಜಿಯಲ್ಲಿ ಅದೇ ಮಟ್ಟವನ್ನು ಮತ್ತೆ ಪರೀಕ್ಷೆ ಬರೆದು ತೋರಿಸಬೇಕಿಲ್ಲ. ಆದ್ದರಿಂದ ಇಂಗ್ಲಿಷ್ ಸುಮಾರಾಗಿ ಬರೋ ಹುಡುಗಿ ಮೊದಲೇ ಬಿ1 ಪಾಸಾದರೆ ಎ1, ಎ2, ಬಿ1 ಅಂತ ಮೂರು ಸಲ ಫೀಸ್ ಕಟ್ಟೋ ಬದಲು ಒಂದೇ ಸಲಕ್ಕೆ ಮುಗಿಯಬಹುದು. ಆದರೆ ಶಾಶ್ವತ ವಾಸದ ಮಟ್ಟವನ್ನು ಬಿ2ಗೆ ಏರಿಸೋ ಪ್ರಸ್ತಾಪವನ್ನು ಅಲ್ಲಿನ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಇಟ್ಟಿದೆ. ಅದೇ ಪತ್ರದಲ್ಲಿ, ಕೆಲಸದ ವೀಸಾದವರ ಜೊತೆ ಡಿಪೆಂಡೆಂಟ್ ಆಗಿ ಹೋಗೋ ಗಂಡ, ಹೆಂಡತಿಗೂ ಎ1 ಕೇಳೋ ಮಾತಿದೆ. ಹಾಗಾಗಿ ಬುಕ್ ಮಾಡೋ ದಿನ ಬ್ರಿಟನ್ ಸರ್ಕಾರದ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಬೇಕು. ಪಕ್ಕದ ಮನೆಯವರ ಮಗಳು ಮೂರು ವರ್ಷದ ಹಿಂದೆ ಏನು ಬರೆದಳು ಅನ್ನೋದು ಈಗ ಉಪಯೋಗಕ್ಕೆ ಬರಲ್ಲ.

ಇಂಗ್ಲಿಷ್ ಮಾಧ್ಯಮದಲ್ಲಿ ಡಿಗ್ರಿ ಮಾಡಿದವರು ಪರೀಕ್ಷೆಗೆ ಮೊದಲು ಇನ್ನೊಂದು ದಾರಿ ನೋಡಬಹುದು. ಬ್ರಿಟನ್‌ನ ಎಕ್ಟಿಸ್ ಅನ್ನೋ ಸಂಸ್ಥೆ ಡಿಗ್ರಿಯನ್ನು ಪರಿಶೀಲಿಸಿ, ಅದು ಅಲ್ಲಿನ ಡಿಗ್ರಿಗೆ ಸಮ, ಇಂಗ್ಲಿಷಿನಲ್ಲೇ ಕಲಿಸಿದ್ದು ಅಂತ ಪತ್ರ ಕೊಟ್ಟರೆ ಪರೀಕ್ಷೆಯೇ ಬೇಡ. ಎಲ್ಲರಿಗೂ ಈ ಪತ್ರ ಸಿಗುತ್ತೆ ಅಂತಲ್ಲ, ಆದರೆ ವಿಚಾರಿಸದೇ ಬಿಡೋದು ಸರಿಯಲ್ಲ.

ಕೆಲಸದ ವೀಸಾ ಆಸೆಯಲ್ಲಿ ಬಿ1ಗೆ ಓದುತ್ತಿರೋರು ಎರಡು ಬದಲಾವಣೆ ತಿಳಿದಿರಬೇಕು. ಬ್ರಿಟನ್‌ನ ಸ್ಕಿಲ್ಡ್ ವರ್ಕರ್ ವೀಸಾಗೆ ಮೊದಲು ಬಿ1 ಸಾಕಿತ್ತು. 2026ರ ಜನವರಿ 8ರಿಂದ ಹೊಸ ಅರ್ಜಿದಾರರಿಗೆ ಬಿ2 ಬೇಕು. ಐಇಎಲ್‌ಟಿಎಸ್ ಲೆಕ್ಕದಲ್ಲಿ ನಾಲ್ಕೂ ಭಾಗದಲ್ಲಿ 4.0 ಇದ್ದದ್ದು 5.5ಕ್ಕೆ ಏರಿದಂತೆ. ವಯಸ್ಸಾದವರನ್ನು ನೋಡಿಕೊಳ್ಳೋ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳೋದನ್ನು 2025ರ ಜುಲೈ 22ರಿಂದ ನಿಲ್ಲಿಸಲಾಗಿದೆ. "ಬಿ1 ಮಾಡ್ಕೊಳಿ, ಕೇರ್ ವೀಸಾ ನಾವು ಕೊಡಿಸ್ತೀವಿ" ಅಂತ ಈಗಲೂ ಯಾರಾದರೂ ಅಡ್ವಾನ್ಸ್ ಕೇಳಿದರೆ ಕೊಡಬಾರದು.

ಕೆನಡಾದ್ದು ಬೇರೆ ದಾರಿ. ಅಲ್ಲಿಗೆ ವಲಸೆ ಹೋಗೋರಿಗೆ ಐಇಎಲ್‌ಟಿಎಸ್‌ನ ಜನರಲ್ ಟ್ರೈನಿಂಗ್ ಬೇಕು. ಕಾಲೇಜಿಗೆ ಹೋಗೋರು ಬರೆಯೋ ಅಕಾಡೆಮಿಕ್ ಅಲ್ಲ. ಸೆಲ್‌ಪಿಪ್ ಜನರಲ್, ಪಿಟಿಇ ಕೋರ್ ಕೂಡ ನಡೆಯುತ್ತೆ. ವೆಲ್ಡರ್, ಎಲೆಕ್ಟ್ರೀಷಿಯನ್, ಪ್ಲಂಬರ್ ಥರದ ಕೆಲಸದವರ ಫೆಡರಲ್ ಸ್ಕಿಲ್ಡ್ ಟ್ರೇಡ್ಸ್ ವಿಭಾಗದಲ್ಲಿ ಕನಿಷ್ಠ ಮಿತಿ ಕೇಳೋದು, ಮಾತಾಡೋದರಲ್ಲಿ 5.0, ಬರೆಯೋದರಲ್ಲಿ 4.0, ಓದೋದರಲ್ಲಿ 3.5. ಇದು ಬಾಗಿಲು ತಟ್ಟೋಕೆ ಬೇಕಾದ ಅಂಕ ಮಾತ್ರ. ಅಲ್ಲಿ ಪಾಯಿಂಟ್ ಲೆಕ್ಕದ ಪೈಪೋಟಿ ಇರೋದರಿಂದ ಇಂಗ್ಲಿಷ್ ಹೆಚ್ಚಿದ್ದಷ್ಟೂ ಒಳ್ಳೆಯದು.

ಪರೀಕ್ಷೆ ಒಳಗೆ ಏನಿರುತ್ತೆ?

ಬಿ1 ಪ್ರಿಲಿಮಿನರಿಯನ್ನೇ ಉದಾಹರಣೆಗೆ ತಗೊಳ್ಳೋಣ. ಬೇರೆ ಪರೀಕ್ಷೆ ಬರೆಯೋರಿಗೂ ಇದರ ಹಳೇ ಪ್ರಶ್ನೆಪತ್ರಿಕೆ ಒಳ್ಳೆ ಅಭ್ಯಾಸ, ಮಾದರಿಗಳು ಕೇಂಬ್ರಿಡ್ಜ್ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತೆ.

ಓದೋ ಪತ್ರಿಕೆಗೆ 45 ನಿಮಿಷ, 32 ಪ್ರಶ್ನೆ. ಮೊದಲ ಭಾಗದಲ್ಲಿ ಬರೋದು ಐದು ಚಿಕ್ಕ ಚಿಕ್ಕ ಸೂಚನೆ: ಅಂಗಡಿ ಬೋರ್ಡು, ಮೊಬೈಲ್ ಮೆಸೇಜು, ಬಾಗಿಲಿಗೆ ಅಂಟಿಸಿದ ಚೀಟಿ ಇಂಥವು. ಇದಕ್ಕೆ ಪುಸ್ತಕಕ್ಕಿಂತ ರಸ್ತೆಯೇ ವಾಸಿ. "ಬಿಲ್ ಇದ್ದರೆ ಮಾತ್ರ ಏಳು ದಿನದೊಳಗೆ ಬದಲಾಯಿಸಿ ಕೊಡಲಾಗುವುದು" ಅನ್ನೋ ಬೋರ್ಡಿನ ಇಂಗ್ಲಿಷ್ ಸಾಲನ್ನು ಓದಿ, ಎಂಟನೇ ದಿನ ಬಂದರೆ ಏನಾಗುತ್ತೆ, ಬಿಲ್ ಕಳೆದರೆ ಏನಾಗುತ್ತೆ ಅಂತ ಕೇಳಿಕೊಂಡರೆ ಅದೇ ಪರೀಕ್ಷೆಯ ಪ್ರಶ್ನೆ. ಬೋರ್ಡಿನ ಶೇ 60 ಭಾಗ ಕನ್ನಡ ಇರಬೇಕು ಅನ್ನೋ ಕಾನೂನು 2024ರಲ್ಲಿ ಬಂದ ಮೇಲೆ ಮೇಲೊಂದು ಕನ್ನಡ ಸಾಲು, ಕೆಳಗೊಂದು ಇಂಗ್ಲಿಷ್ ಸಾಲು ಇರೋ ಬೋರ್ಡುಗಳು ಹೆಚ್ಚಾಗಿವೆ. ಕಲಿಯೋರಿಗೆ ಇದು ಪುಕ್ಕಟೆ ಪಠ್ಯಪುಸ್ತಕ.

ಓದೋ ಪತ್ರಿಕೆಯ ಕೊನೇ ಭಾಗದಲ್ಲಿ ಕನ್ನಡಿಗರು ಹೆಚ್ಚು ಎಡವುತ್ತಾರೆ. ಒಂದು ಸಣ್ಣ ಬರಹದಲ್ಲಿ ಆರು ಪದ ಬಿಟ್ಟಿರ್ತಾರೆ, ಆಯ್ಕೆ ಕೊಟ್ಟಿರಲ್ಲ, ನಾವೇ ತುಂಬಬೇಕು. ಬಿಟ್ಟಿರೋದು ದೊಡ್ಡ ಪದಗಳಲ್ಲ. ಎ, ದ, ಆಫ್, ಟು, ಹೂ, ಬೀನ್ ಥರದ ಚಿಲ್ಲರೆ ಪದಗಳು. ಕಾರಣ ಏನು ಅನ್ನೋದು ಮುಂದೆ ಇದೆ.

ಬರೆಯೋದಕ್ಕೂ 45 ನಿಮಿಷ. ಒಂದು ಇಮೇಲ್‌ಗೆ ಉತ್ತರ ಕಡ್ಡಾಯ. ಆಮೇಲೆ ಲೇಖನ ಅಥವಾ ಕಥೆ, ಎರಡರಲ್ಲಿ ಒಂದು. ಒಂದೊಂದೂ ಸುಮಾರು 100 ಪದ. ಇಮೇಲ್ ಬಂದಿರೋದು ಸಾಮಾನ್ಯವಾಗಿ ಗೆಳೆಯರಿಂದಲೋ ಮೇಷ್ಟ್ರಿಂದಲೋ. ಅದರ ಪಕ್ಕದಲ್ಲಿ ನಾಲ್ಕು ಟಿಪ್ಪಣಿ ಇರುತ್ತೆ, ನಾಲ್ಕಕ್ಕೂ ಉತ್ತರ ಬರಬೇಕು. ಮೂರನ್ನು ಅದ್ಭುತವಾಗಿ ಬರೆದು ಒಂದು ಮರೆತರೂ ಅಂಕ ಹೋಗುತ್ತೆ. ನಮ್ಮಲ್ಲಿ ಅರ್ಜಿ ಬರೆದು ಅಭ್ಯಾಸ ಆಗಿರೋದರಿಂದ ಗೆಳೆಯನಿಗೂ "ರೆಸ್ಪೆಕ್ಟೆಡ್ ಸರ್" ಅಂತ ಶುರು ಮಾಡಿ "ಕೈಂಡ್ಲಿ ಡೂ ದ ನೀಡ್‌ಫುಲ್" ಅಂತ ಮುಗಿಸೋದುಂಟು. ಗೆಳೆಯನಿಗೆ ಗೆಳೆಯನ ಥರ ಬರೆದರೇ ಅಂಕ.

ಕೇಳೋ ಪತ್ರಿಕೆ ಸುಮಾರು ಅರ್ಧ ಗಂಟೆ, 25 ಪ್ರಶ್ನೆ, ಪ್ರತಿ ಧ್ವನಿಯನ್ನೂ ಎರಡು ಸಲ ಕೇಳಿಸ್ತಾರೆ. ಐಇಎಲ್‌ಟಿಎಸ್‌ನಲ್ಲಿ ಒಂದೇ ಸಲ, ಪ್ರಶ್ನೆ 40. ಈ ವ್ಯತ್ಯಾಸ ಸಣ್ಣದೇನಲ್ಲ. ಒಂದಕ್ಕೆ ಓದಿ ಇನ್ನೊಂದನ್ನು ಬರೆಯೋರಿಗೆ ಮೊದಲ ಹೊಡೆತ ಬೀಳೋದು ಇಲ್ಲೇ.

ಮಾತಿನ ಪರೀಕ್ಷೆಗೆ ಇಬ್ಬರು ಅಭ್ಯರ್ಥಿಗಳು, ಇಬ್ಬರು ಪರೀಕ್ಷಕರು, ಸುಮಾರು 12 ನಿಮಿಷ. ಮೊದಲು ಹೆಸರು, ಊರು, ದಿನಚರಿ. ಆಮೇಲೆ ಒಂದು ಫೋಟೋ ತೋರಿಸಿ ಒಂದು ನಿಮಿಷ ಮಾತಾಡಿ ಅಂತಾರೆ. ಆಮೇಲೆ ಜೊತೆಯವರ ಜೊತೆ ಸೇರಿ ಏನಾದರೂ ನಿರ್ಧಾರ ಮಾಡಬೇಕು, ಉದಾಹರಣೆಗೆ ಆಸ್ಪತ್ರೆಯಲ್ಲಿರೋ ಗೆಳತಿಗೆ ಏನು ತಗೊಂಡು ಹೋಗೋಣ ಅಂತ. ಇಲ್ಲಿ ಒಬ್ಬರೇ ಭಾಷಣ ಬಿಗಿದರೆ ಅಂಕ ಜಾಸ್ತಿ ಬರಲ್ಲ. ಜೊತೆಯವರನ್ನು "ನಿಮಗೇನನ್ಸುತ್ತೆ?" ಅಂತ ಕೇಳೋದು, ಅವರು ಹೇಳಿದ್ದಕ್ಕೆ ಒಪ್ಪೋದು, ಕಾರಣ ಕೊಟ್ಟು ಒಪ್ಪದೇ ಇರೋದು, ಇದಕ್ಕೇ ಪ್ರತ್ಯೇಕ ಅಂಕ ಇದೆ. ಅಂಗಡಿಯವರಿಗೆ ಇದೇನು ಹೊಸದಲ್ಲ.

ಕೇಂಬ್ರಿಡ್ಜ್ ಅಳತೆಯಲ್ಲಿ 140 ಬಂದರೆ ಬಿ1 ಪಾಸ್. 160 ದಾಟಿದರೆ ಸರ್ಟಿಫಿಕೇಟ್‌ನಲ್ಲಿ ಬಿ2 ಅಂತಲೇ ನಮೂದಾಗುತ್ತೆ.

ಕನ್ನಡದ ಇಂಗ್ಲಿಷ್ ಎಲ್ಲೆಲ್ಲಿ ತೊಡಕಾಗುತ್ತೆ?

ಮಾರುಕಟ್ಟೆಯಲ್ಲಿ ಸಿಗೋ ಗೈಡ್‌ಗಳು ಎಲ್ಲ ದೇಶದವರಿಗೂ ಅಂತ ಬರೆದವು. ಕನ್ನಡ ಮನೆಮಾತಿನವರು ಮಾಡೋ ತಪ್ಪುಗಳಿಗೆ ಒಂದು ಮಾದರಿ ಇದೆ, ಅದು ಕನ್ನಡದಿಂದಲೇ ಬರೋದು. ತಪ್ಪು ಎಲ್ಲಿಂದ ಬರುತ್ತೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಎ ಮತ್ತು ದ. "ಅಂಗಡಿಗೆ ಹೋದೆ, ಪುಸ್ತಕ ತಂದೆ" ಅನ್ನೋ ಕನ್ನಡ ವಾಕ್ಯದಲ್ಲಿ ಇವೆರಡಕ್ಕೂ ಜಾಗವೇ ಇಲ್ಲ. ಅದಕ್ಕೇ "ಐ ವೆಂಟ್ ಟು ಶಾಪ್, ಬಾಟ್ ಬುಕ್" ಅಂತ ಬರುತ್ತೆ. ಬಿಟ್ಟ ಪದ ತುಂಬೋ ಭಾಗದಲ್ಲಿ ಅಂಕ ಹೋಗೋಕೆ ಇದೇ ಕಾರಣ. ನಿಯಮ ಬಾಯಿಪಾಠ ಮಾಡೋದಕ್ಕಿಂತ ದಿನಾ ಪೇಪರಿನ ಒಂದು ಪ್ಯಾರಾ ತಗೊಂಡು, ಎ, ದ ಎಲ್ಲಾ ಪೆನ್ಸಿಲ್‌ನಲ್ಲಿ ಸುತ್ತು ಹಾಕೋದು ಒಳ್ಳೆಯದು. ಮೊದಲ ಸಲ ಬಂದ ವಸ್ತುವಿಗೆ ಎ, ಅದೇ ವಸ್ತು ಮತ್ತೆ ಬಂದರೆ ದ. ಹತ್ತು ದಿನಕ್ಕೆ ಕಣ್ಣು ಪಳಗುತ್ತೆ.

ಎರಡನೆಯದು ವಿಭಕ್ತಿ. ಕನ್ನಡದಲ್ಲಿ "ಅವನ ಮೇಲೆ ಕೋಪ", ಅದಕ್ಕೆ "ಆಂಗ್ರಿ ಆನ್ ಹಿಮ್" ಅಂತೀವಿ. ಇಂಗ್ಲಿಷಿನಲ್ಲಿ ಅದು ವಿತ್. "ಅವಳ ಜೊತೆ ಮದುವೆ" ಅಂತ "ಮ್ಯಾರೀಡ್ ವಿತ್" ಬರುತ್ತೆ, ಅಲ್ಲಿ ಟು. "ಅದರ ಬಗ್ಗೆ ಚರ್ಚೆ" ಅನ್ನೋದು "ಡಿಸ್ಕಸ್ ಅಬೌಟ್" ಆಗುತ್ತೆ; ಡಿಸ್ಕಸ್ ಅಂದ ಮೇಲೆ ಅಬೌಟ್ ಬೇಡ.

ಮೂರನೆಯದನ್ನು ಕೋಚಿಂಗ್‌ನವರೂ ಹಲವು ಸಲ ಗಮನಿಸಲ್ಲ. ಕನ್ನಡದಲ್ಲಿ "ಹೋದ ವಾರ ಮೈಸೂರಿಗೆ ಹೋಗಿದ್ದೆ" ಅಂತೀವಿ. ಆ "ಹೋಗಿದ್ದೆ" ಹಾಗೇ ಇಂಗ್ಲಿಷಿಗೆ ದಾಟಿ "ಐ ಹ್ಯಾಡ್ ಗಾನ್" ಆಗುತ್ತೆ. ಇಂಗ್ಲಿಷಿಗೆ ಅಲ್ಲಿ ಬರೀ "ವೆಂಟ್" ಸಾಕು. ಹಾಗೇ "ನಿನ್ನೆ ನೋಡಿದ್ದೀನಿ" ಅನ್ನೋದು "ಐ ಹ್ಯಾವ್ ಸೀನ್ ಯೆಸ್ಟರ್ಡೇ" ಆಗುತ್ತೆ, ನಿನ್ನೆ ಅಂತ ಬಂದ ಕೂಡಲೇ ಹ್ಯಾವ್ ಬಿಡಬೇಕು. ಕಥೆ ಬರೆಯೋರು ಈ ಒಂದನ್ನು ಸರಿ ಮಾಡಿಕೊಂಡರೆ ಬರವಣಿಗೆಯೇ ಬೇರೆ ಥರ ಕಾಣುತ್ತೆ. "ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್", "ಐ ಆಮ್ ನೋಯಿಂಗ್" ಅನ್ನೋದೂ ಇದೇ ಜಾತಿ.

ನಾಲ್ಕನೆಯದು ಗೌರವ. ಮೇಷ್ಟ್ರನ್ನು, ಅತ್ತೆಯನ್ನು "ಅವರು" ಅಂದು ಅಭ್ಯಾಸ ಇರೋರು ಇಂಗ್ಲಿಷಿನಲ್ಲೂ "ದೇ" ಅಂತಾರೆ. ಪರೀಕ್ಷಕರಿಗೆ ಎಷ್ಟು ಜನ ಮೇಷ್ಟ್ರು ಅಂತ ಗೊಂದಲ ಆಗುತ್ತೆ. ಅಲ್ಲಿ ಹೀ, ಶೀ ಅಂದರೆ ಅಗೌರವ ಅಲ್ಲ.

ಇನ್ನು "ಅಲ್ಲೇ", "ಇವತ್ತೇ" ಅನ್ನೋದಕ್ಕೆ "ದೇರ್ ಓನ್ಲಿ", "ಟುಡೇ ಓನ್ಲಿ". "ಸುಮ್ನೆ ಬಂದೆ" ಅನ್ನೋದಕ್ಕೆ "ಸಿಂಪ್ಲಿ ಐ ಕೇಮ್". "ಬಿಸಿಬಿಸಿ ಇಡ್ಲಿ"ಗೆ "ಹಾಟ್ ಹಾಟ್ ಇಡ್ಲಿ". ಬೆಂಗಳೂರಲ್ಲಿ ಇದೆಲ್ಲ ಎಲ್ಲರಿಗೂ ಅರ್ಥವಾಗೋ ಇಂಗ್ಲಿಷ್. ಅದರಲ್ಲಿ ನಾಚಿಕೆಪಡೋಕೆ ಏನೂ ಇಲ್ಲ. ಪರೀಕ್ಷೆ ಕೋಣೆಯಲ್ಲಿ ಮಾತ್ರ ಬೇರೆ ಬಟ್ಟೆ ಹಾಕ್ಕೊಂಡು ಹೋದ ಹಾಗೆ ಅಂದುಕೊಂಡರೆ ಆಯ್ತು.

ಉಚ್ಚಾರಣೆಗೆ ಬಂದರೆ, ಲಂಡನ್‌ನವರ ಥರ ರಾಗ ಎಳೆಯೋದಕ್ಕೆ ಅಂಕ ಇಲ್ಲ. ಕೇಳೋರಿಗೆ ಅರ್ಥ ಆಗಬೇಕು. ಅದಕ್ಕೆ ಮೂರೇ ಮೂರು ಕಡೆ ಗಮನ ಕೊಟ್ಟರೆ ಬಹಳ ಆಯ್ತು. ಎ, ಒ ದಿಂದ ಶುರುವಾಗೋ ಪದಗಳನ್ನು ಯೆ, ವೊ ಮಾಡೋದು: ಎಗ್ ಬದಲು ಯೆಗ್, ಓನ್ಲಿ ಬದಲು ವೋನ್ಲಿ. ಪದದ ಕೊನೆಗೆ ಉ ಸೇರಿಸೋದು: ಬಸ್ಸು, ಕಾರು, ಬುಕ್ಕು, ಕನ್ನಡದಲ್ಲಿ ಚೆಂದ, ಇಂಗ್ಲಿಷಿನಲ್ಲಿ ಬೇಡ. ಫ ಬದಲು ಪ, ಜ಼ ಬದಲು ಜ: ಫೇಲ್ ಅನ್ನೋದು ಪೇಲ್ ಆದರೆ ಅರ್ಥವೇ ಬದಲು.

ಪದ ಗೊತ್ತಿಲ್ಲದಾಗ ಏನು ಮಾಡೋದು? ನಿಲ್ಲಬಾರದು. ಫೋಟೋದಲ್ಲಿ ಸೌಟು ಇದೆ, ಅದರ ಇಂಗ್ಲಿಷ್ ಬಾಯಿಗೆ ಬರ್ತಿಲ್ಲ. ಸಾಂಬಾರ್ ಬಡಿಸೋ ದೊಡ್ಡ ಸ್ಪೂನ್ ಅಂತ ಇಂಗ್ಲಿಷಿನಲ್ಲಿ ಹೇಳಿ ಮುಂದೆ ಹೋದರೆ ಅದು ತಪ್ಪಲ್ಲ, ಬಿ1 ಮಟ್ಟದವರಿಂದ ನಿರೀಕ್ಷಿಸೋದೇ ಅದು. ಗಾಂಧಿ ಬಜಾರಿನ ಹೂವಿನ ಅಂಗಡಿಯದ್ದೋ, ಬನಶಂಕರಿ ಬಸ್ ನಿಲ್ದಾಣದ್ದೋ ಒಂದು ಫೋಟೋ ಮೊಬೈಲ್‌ನಲ್ಲಿ ತೆಗೆದು, ಯಾರಿದ್ದಾರೆ, ಏನು ಮಾಡ್ತಿದ್ದಾರೆ, ಹವಾಮಾನ ಹೇಗಿದೆ, ಮುಂದೆ ಏನಾಗಬಹುದು ಅಂತ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಬೇಕು. ಮೊದಲ ದಿನ 20 ಸೆಕೆಂಡಿಗೇ ಮಾತು ಮುಗಿಯುತ್ತೆ. ತಮ್ಮ ದನಿ ತಾವೇ ಕೇಳೋಕೆ ಮುಜುಗರ ಆಗುತ್ತೆ. ಆದರೂ ಕೇಳಲೇಬೇಕು.

ಎಷ್ಟು ದಿನ ಬೇಕು?

"30 ದಿನದಲ್ಲಿ ಗ್ಯಾರಂಟಿ" ಅನ್ನೋ ಜಾಹೀರಾತು ನಂಬೋಕೆ ಮುಂಚೆ ಕೇಂಬ್ರಿಡ್ಜ್‌ನವರೇ ಕೊಡೋ ಅಂದಾಜು ನೋಡಬೇಕು. ಶುರುವಿನಿಂದ ಎ2 ತಲುಪೋಕೆ 180ರಿಂದ 200 ಗಂಟೆ, ಬಿ1ಗೆ ಒಟ್ಟು 350ರಿಂದ 400 ಗಂಟೆ ಕಲಿಕೆ. ಅಂದರೆ ಎ2ನಲ್ಲಿರೋರು ಬಿ1 ಮುಟ್ಟೋಕೆ ಸುಮಾರು 150ರಿಂದ 200 ಗಂಟೆ. ದಿನಕ್ಕೆ ಒಂದು ಗಂಟೆ ಲೆಕ್ಕ ಹಾಕಿದರೆ ಆರು ತಿಂಗಳ ಆಸುಪಾಸು. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಇನ್ನೂ ಸ್ವಲ್ಪ ಹೆಚ್ಚು ಹಿಡಿಯಬಹುದು. ಒಂದು ತಿಂಗಳ ಕೋರ್ಸ್ ಪರೀಕ್ಷೆಯ ರೂಪ ತಿಳಿಸುತ್ತೆ ಅಷ್ಟೆ. ಈಗಾಗಲೇ ಬಿ1 ಹತ್ತಿರ ಇರೋರಿಗೆ ಅದು ಸಾಕು, ಉಳಿದವರಿಗೆ ಸಾಲದು.

ಎಲ್ಲಿದ್ದೀವಿ ಅಂತ ತಿಳಿಯೋಕೆ ದುಡ್ಡು ಬೇಕಿಲ್ಲ. ಒಂದು ಮಾದರಿ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಬಹುದು. ಕೇಂಬ್ರಿಡ್ಜ್‌ನ ರೈಟ್ ಅಂಡ್ ಇಂಪ್ರೂವ್ ಅನ್ನೋ ಪುಕ್ಕಟೆ ತಾಣದಲ್ಲಿ ಇಮೇಲ್ ಟೈಪ್ ಮಾಡಿದರೆ ಯಾವ ಮಟ್ಟ ಅಂತ ತೋರಿಸಿ, ತಪ್ಪಿರೋ ಜಾಗ ಗುರುತು ಮಾಡುತ್ತೆ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್ ಇಂಗ್ಲಿಷ್, ಬಿಬಿಸಿಯ ಆರು ನಿಮಿಷದ ಇಂಗ್ಲಿಷ್ ಕಾರ್ಯಕ್ರಮ ಎರಡೂ ಪುಕ್ಕಟೆ.

ಓದೋಕೆ ಒಂದು ಸುಲಭ ಉಪಾಯ ಇಲ್ಲೇ ಇದೆ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಒಂದೇ ಸಂಸ್ಥೆಯವು, 1948ರಿಂದ ಬರ್ತಿವೆ. ನಗರದ ಒಂದೇ ಸುದ್ದಿ ಎರಡರಲ್ಲೂ ಸಿಗೋದು ಸಾಮಾನ್ಯ. ಮೊದಲು ಕನ್ನಡದಲ್ಲಿ ಓದಿ ವಿಷಯ ತಿಳಿದುಕೊಂಡು ಆಮೇಲೆ ಇಂಗ್ಲಿಷಿನದ್ದು ಓದಿದರೆ ನಿಘಂಟು ತೆಗೆಯೋ ಕೆಲಸ ಅರ್ಧ ಕಡಿಮೆ. ಕೇಳೋ ಅಭ್ಯಾಸಕ್ಕೆ ಮೆಟ್ರೋದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೋ ಪ್ರಕಟಣೆ ಒಂದು ಆರಂಭ. ಅಂಗಡಿ ಬಿಟ್ಟು ಬರೋಕಾಗದವರು ಮಧ್ಯಾಹ್ನ ಗಿರಾಕಿ ಕಡಿಮೆ ಇರೋ ಹೊತ್ತಲ್ಲಿ ಇಯರ್‌ಫೋನ್ ಹಾಕ್ಕೊಂಡು ಆರು ನಿಮಿಷ ಕೇಳಬಹುದು. ಮಾತಿಗೆ ಜೊತೆ ಬೇಕು. ಕಾಲೇಜಿಗೆ ಹೋಗೋ ಮಕ್ಕಳನ್ನೇ ದಿನಾ ಹತ್ತು ನಿಮಿಷ ಪರೀಕ್ಷಕರನ್ನಾಗಿ ಕೂರಿಸಿದರೆ ಆಯ್ತು, ಆದರೆ ಪ್ರತಿ ತಪ್ಪಿಗೂ ನಗಬಾರದು ಅಂತ ಮೊದಲೇ ಹೇಳಿಟ್ಟಿರಬೇಕು.

ಬುಕಿಂಗ್, ಪಾಸ್‌ಪೋರ್ಟ್, ಮೋಸ

ಭಾರತದಲ್ಲಿ ಐಇಎಲ್‌ಟಿಎಸ್ ನಡೆಸೋದು 2021ರಿಂದ ಐಡಿಪಿ ಒಂದೇ. ಬ್ರಿಟಿಷ್ ಕೌನ್ಸಿಲ್‌ನ ಇಲ್ಲಿನ ಐಇಎಲ್‌ಟಿಎಸ್ ವ್ಯವಹಾರವನ್ನು ಆ ವರ್ಷ ಅದೇ ಕೊಂಡುಕೊಂಡಿತು. ಬುಕಿಂಗ್ ಅವರ ವೆಬ್‌ಸೈಟ್‌ನಲ್ಲೇ ಮಾಡಬಹುದು, ಮಧ್ಯೆ ಯಾರೂ ಬೇಕಿಲ್ಲ. ಗುರುತಿಗೆ ಪಾಸ್‌ಪೋರ್ಟ್ ಮಾತ್ರ, ಆಧಾರ್ ನಡೆಯಲ್ಲ.

ಹೆಸರಿನ ತಾಪತ್ರಯ ಇಲ್ಲಿ ಜಾಸ್ತಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಮದುವೆ ಆದ ಮೇಲೆ ಇನ್ನೊಂದು ಹೆಸರು. ಪರೀಕ್ಷೆ ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರವೂ ಬದಲಾಗದಂತೆ ತುಂಬಬೇಕು. ಮದುವೆ ನಂತರ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಾಯಿಸೋ ಯೋಚನೆ ಇದ್ದರೆ ಅದನ್ನು ಮುಗಿಸಿಕೊಂಡೇ ಪರೀಕ್ಷೆ ಬುಕ್ ಮಾಡೋದು ವಾಸಿ.

ಪರೀಕ್ಷೆ ಬರೆಯದೇ ಸರ್ಟಿಫಿಕೇಟ್ ಕೊಡಿಸ್ತೀವಿ ಅಂತ ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರೋ ಮೆಸೇಜ್‌ಗಳಿಗೆ ಉತ್ತರ ಕೂಡ ಕೊಡಬಾರದು. ಸರ್ಟಿಫಿಕೇಟ್ ನಿಜವೋ ಸುಳ್ಳೋ ಅಂತ ವೀಸಾ ಕಚೇರಿ ಪರೀಕ್ಷಾ ಸಂಸ್ಥೆಯ ದಾಖಲೆಯಲ್ಲೇ ನೋಡುತ್ತೆ. ಸುಳ್ಳು ದಾಖಲೆ ಕೊಟ್ಟಿದ್ದು ಸಾಬೀತಾದರೆ ಬ್ರಿಟನ್ 10 ವರ್ಷದವರೆಗೆ ವೀಸಾ ನಿರಾಕರಿಸಬಹುದು.

ಐಇಎಲ್‌ಟಿಎಸ್ ಫಲಿತಾಂಶಕ್ಕೆ 2 ವರ್ಷದ ಆಯುಸ್ಸು. ಮದುವೆಯೋ ಕೆಲಸವೋ ಇನ್ನೂ ಮಾತುಕತೆಯಲ್ಲೇ ಇದ್ದರೆ ಓದೋದನ್ನು ಈಗಲೇ ಶುರು ಮಾಡಬಹುದು, ಬುಕಿಂಗ್‌ಗೆ ಅವಸರ ಬೇಡ. ಅರ್ಜಿ ಹಾಕೋ ತಿಂಗಳು ಗೊತ್ತಾದ ಮೇಲೆ, ಒಂದು ಸಲ ಫೇಲಾದರೂ ಇನ್ನೊಂದು ಸಲ ಬರೆಯೋಕೆ ಸಮಯ ಉಳಿಯುವಂತೆ ತಾರೀಖು ಆರಿಸಿಕೊಂಡರೆ ಸಾಕು.